ಎಂಬತ್ನಾಲ್ಕು ಡಿಗ್ರಿ

೨ ಫೆಬ್ರವರಿ ೨೦೦೯, ಸೋಮವಾರ

ಗಲ್ಲಿಯ ತುದಿಯಲ್ಲಿ ಎರಡು ಹಾರ್ನ್. ಬಾಯಲ್ಲಿ ಅರ್ಧ ಚಪಾತಿ, ಓಡಿದೆ. ಓಲ್ಡ್ ಟೌನಿನಲ್ಲಿ ಬೇರೆ ಯಾರಿಗೂ ಬಸ್ಸು ಹೀಗೆ ಕಾಯುವುದಿಲ್ಲ. ಡಿಪ್ಲೊಮಾ ಓದುವಾಗಿನಿಂದ ಡ್ರೈವರ್ ಜಟ್ಟಪ್ಪಣ್ಣ ನನ್ನನ್ನು ಬಿಟ್ಟು ಹೋಗಿದ್ದಿಲ್ಲ.

"ಗಾಡಿ ಬಿಸಿ ಆಗ್ತಿದೆ ತಂಗಿ. ಡ್ಯಾಶ್‌ಬೋರ್ಡ್ ಮುಳ್ಳು ಕೆಟ್ಟಿದೆ, ಆದ್ರೆ ನನಗೆ ಕಾಲಡಿಗೆ ಗೊತ್ತಾಗುತ್ತೆ. ಓನರ್ ನಂಬ್ತಿಲ್ಲ. ನಿಮ್ಮ ಅಂಗಡೀಲಿ ಕಂಪ್ಯೂಟರ್ ಹಾಕಿ ನೋಡ್ಸಿ ಅಂತ ನಾನೇ ಅಂದೆ."

ಹೆಮ್ಮೆಯಾಯಿತು. ಭಯವೂ. ಕಂಪ್ಯೂಟರ್ ಹಾಕಿ ಗಾಡಿ ತಪಾಸಣೆ ಮಾಡುವ, ಸವಳಂಗ ರಸ್ತೆಯ ನಮ್ಮ ಅಂಗಡಿಗೆ ಇದೇ ಮೊದಲ ದೊಡ್ಡ ಗಾಡಿ. ಎಂಜಿನ್ನಿನ ಸುದ್ದಿಯೆಲ್ಲ ಕ್ಯಾನ್ ಬಸ್ ಎಂಬ ತಂತಿಯಲ್ಲಿ ಓಡಾಡುತ್ತದೆ. ಅದನ್ನು ಕೇಳಿಸಿಕೊಳ್ಳುವ ಡಬ್ಬಿ ಅಡಾಪ್ಟರ್. ಡಬ್ಬಿಗೂ ನನ್ನ ಪ್ರೋಗ್ರಾಮಿಗೂ ನಡುವಿನ ದಲ್ಲಾಳಿ ಪ್ಲಗಿನ್. ಇವತ್ತಿಡೀ ದಲ್ಲಾಳಿ ಮುನಿಸಿಕೊಂಡಿದ್ದ. ಅಡಾಪ್ಟರ್ ಕಾಣುತ್ತಿಲ್ಲ ಎಂದೇ ಹೇಳಿದ. ಕೊನೆಗೆ ಪಟ್ಟಿಯಲ್ಲಿದ್ದ ಇನ್ನೊಂದನ್ನು ಆರಿಸಿದೆ — ವರ್ಚುವಲ್. ಗಾಡಿಯೇ ಬೇಡ, ಹಳೇ ರೆಕಾರ್ಡಿಂಗ್ ಓಡಿಸುತ್ತದೆ, ಅಭ್ಯಾಸಕ್ಕೆ. ಪರದೆಯ ಮೇಲೆ ಮುಳ್ಳುಗಳು ಚೆನ್ನಾಗಿ ಕುಣಿದವು.

೪ ಫೆಬ್ರವರಿ, ಸಂಜೆ

ಓನರ್ ಷಣ್ಮುಖಪ್ಪನವರು ಬಂದರು. ಬಿಳಿ ಪಂಚೆ, ಎರಡು ಮೊಬೈಲು. ಬಸ್ಸು ಅಂಗಡಿ ಮುಂದೆ. ನಮ್ಮ ಅಂಗಡಿ ಯಜಮಾನರು ಮಲ್ಲಿಕ್ ಸರ್ ಎಲ್ಲರಿಗೂ ಕಾಫಿ ತರಿಸಿದರು. ಕೇಬಲ್ ಚುಚ್ಚಿದೆ. ಜಟ್ಟಪ್ಪಣ್ಣ ಎಂಜಿನ್ ಶುರು ಮಾಡಿದ. ಈ ಸಲ ಪ್ಲಗಿನ್ ತಕರಾರು ಮಾಡಲಿಲ್ಲ. ಎಲ್ಲ ಮುಳ್ಳೂ ಎದ್ದವು. ಟೆಂಪರೇಚರ್ ಎಂಬತ್ನಾಲ್ಕು. ಅಲ್ಲಾಡಲಿಲ್ಲ.

"ನೋಡಯ್ಯ, ಎಲ್ಲಿ ಬಿಸಿ?" ಎಂದರು ಷಣ್ಮುಖಪ್ಪ. "ಟ್ರಿಪ್ ತಪ್ಸೋಕೆ ನೆಪ ನಿಂದು."

ಜಟ್ಟಪ್ಪಣ್ಣ ಕಿಟಕಿಯಿಂದ ಬಗ್ಗಿ ನನ್ನ ಮುಖ ನೋಡಿದ. "ಸರಿಯಾಗಿ ನೋಡ್ದೇನಮ್ಮ?" ಹೂಂ ಎಂದೆ. ಎಂಜಿನ್ ಆಫ್ ಮಾಡಿದ.

ಪರದೆಯಲ್ಲಿ ಎಂಜಿನ್ ಸುತ್ತು ಎಣಿಸುವ ಆರ್‌ಪಿಎಂ ಮುಳ್ಳು ಇನ್ನೂ ಓಡುತ್ತಿತ್ತು.

ಮೊನ್ನೆಯ ವರ್ಚುವಲ್ ಹಾಗೇ ಉಳಿದಿತ್ತು. ಬದಲಿಸಿರಲಿಲ್ಲ ನಾನು. ಕೇಬಲ್ ಬಸ್ಸಿನಲ್ಲಿತ್ತು, ಪ್ರೋಗ್ರಾಮು ಬಸ್ಸಿನ ಮಾತೇ ಕೇಳಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ. ಯಾರೂ ನೋಡಲಿಲ್ಲ. ಇನ್ನೂ ಎರಡು ಗಾಡಿಗೆ ಕಂಪ್ಯೂಟರ್ ಹಾಕಿಸೋಣ ಎಂದು ಷಣ್ಮುಖಪ್ಪ ಮಲ್ಲಿಕ್ ಸರ್ ಹೆಗಲು ತಟ್ಟುತ್ತಿದ್ದರು. ಆಗಲೇ ಹೇಳಬೇಕಿತ್ತು. ಬಾಯಿಗೆ ಏನಾಗಿತ್ತು ನನಗೆ?

೫ ಫೆಬ್ರವರಿ

ಎರಡು ಹಾರ್ನ್. ತಲೆನೋವು ಎಂದು ಅಮ್ಮನಿಗೆ ಹೇಳಿ ಮಲಗಿದೆ. ಬಸ್ಸು ತುಂಬ ಹೊತ್ತು ಕಾದು ಹೋಯಿತು.

೯ ಫೆಬ್ರವರಿ

ಬಸ್ಸು ನಡುದಾರಿಯಲ್ಲಿ ನಿಂತಿತಂತೆ. ಬಾನೆಟ್ ತುಂಬ ಹೊಗೆ, ಎಂಜಿನ್ ಜಾಮ್. ಜನಕ್ಕೇನೂ ಆಗಿಲ್ಲ, ಸದ್ಯ. ಮಿಷಿನ್‌ನಲ್ಲಿ ಎಲ್ಲ ಸರಿ ಇತ್ತು, ಇವನು ನೀರು ನೋಡದೆ ಓಡಿಸಿದ್ದಾನೆ ಎಂದು ಷಣ್ಮುಖಪ್ಪ ಜಟ್ಟಪ್ಪಣ್ಣನನ್ನು ಕೆಲಸದಿಂದ ತೆಗೆದರಂತೆ.

ಮಲ್ಲಿಕ್ ಸರ್‌ಗೆ ಹೇಳಿಬಿಟ್ಟೆ. ಅವರು ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಈಗ ಹೇಳಿದ್ರೆ ಎಂಜಿನ್ ಸರಿ ಹೋಗುತ್ತಾ ಮಾರಾಯ್ತಿ? ಅಂಗಡಿ ಮುಚ್ಚುತ್ತೆ ಅಷ್ಟೆ. ಸುಮ್ನಿರು."

ಸುಮ್ಮನಿದ್ದೆ. ಮಧ್ಯಾಹ್ನ ಊಟವನ್ನೂ ಮಾಡಿದೆ. ನಾಚಿಕೆಗೆಟ್ಟವಳು.

೧೦ ಫೆಬ್ರವರಿ

ಬದಲಿ ಬಸ್ಸು, ಹೊಸ ಡ್ರೈವರ್. ಹಾರ್ನ್ ಇಲ್ಲ. ತಪ್ಪಿತು. ಸರಿಯಾಗಿಯೇ ಆಯಿತು ನನಗೆ.

೧೫ ಫೆಬ್ರವರಿ, ಭಾನುವಾರ

ಜಟ್ಟಪ್ಪಣ್ಣ ಮನೆಗೇ ಬಂದ. ಬೈಯಲು ಬಂದನೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

ಲಾರಿ ಓಡಿಸಲು ಒಬ್ಬರು ಕರೆದಿದ್ದಾರಂತೆ. ಬೇಡ ಅಂದನಂತೆ.

"ಕಾಲಡಿಗೆ ಬಿಸಿ ಗೊತ್ತಾಗುತ್ತೆ ಅಂತಿದ್ದೆ. ನಿನ್ ಕಂಪ್ಯೂಟರ್ ಇಲ್ಲ ಅಂತು. ಆಮೇಲೆ ನಾನು ಆ ಕಡೆ ಗಮನಾನೇ ಕೊಡ್ಲಿಲ್ಲ. ನನಗೆ ವಯಸ್ಸಾಯ್ತೇನೋ ತಂಗಿ. ಜನ ತುಂಬ್ಕೊಂಡು ಓಡಿಸೋನು, ಅಂದಾಜು ತಪ್ಪಿದ್ರೆ?"

ಅಮ್ಮ ಕಾಫಿ ಕೊಟ್ಟಳು. ಅವನು ಕುಡಿದು ಹೋದ. ಅವನ ಕೆಲಸ ಮಾತ್ರ ಕಳೆದಿದ್ದೇನೆ ಅಂದುಕೊಂಡಿದ್ದೆ.

೧೬ ಫೆಬ್ರವರಿ

ಮಲ್ಲಿಕ್ ಸರ್‌ಗೆ ಹೇಳದೆ ಷಣ್ಮುಖಪ್ಪನವರನ್ನೂ ಜಟ್ಟಪ್ಪಣ್ಣನನ್ನೂ ಅಂಗಡಿಗೆ ಕರೆಸಿದೆ. ಟೇಬಲ್ ಮೇಲೆ ಬರೀ ಲ್ಯಾಪ್‌ಟಾಪ್. ಕೇಬಲ್ ಇಲ್ಲ, ಬಸ್ಸಿಲ್ಲ. ಮುಳ್ಳುಗಳು ಎದ್ದವು. ಎಂಬತ್ನಾಲ್ಕು.

"ಅವತ್ತು ತೋರಿಸಿದ್ದು ಇದನ್ನೇ. ಗೊತ್ತಾದ ಮೇಲೂ ಹೇಳಲಿಲ್ಲ" ಎಂದೆ.

ಷಣ್ಮುಖಪ್ಪ ಏನೇನೋ ಅಂದರು. ಎಲ್ಲಾ ನ್ಯಾಯವೇ. ಮಲ್ಲಿಕ್ ಸರ್ ನನ್ನ ಬ್ಯಾಗು ತಂದು ಕೈಗಿಟ್ಟರು. ಜಟ್ಟಪ್ಪಣ್ಣ ಯಾರ ಮಾತಿಗೂ ಕಿವಿ ಕೊಡದೆ ಪರದೆಯನ್ನೇ ನೋಡುತ್ತಿದ್ದ.

"ಹಂಗಾದ್ರೆ ಅವತ್ತು ಗಾಡಿ ಬಿಸಿ ಆಗಿತ್ತು" ಎಂದ. ನನ್ನ ಕಡೆ ತಿರುಗಲಿಲ್ಲ. ಚಪ್ಪಲಿ ಹಾಕಿಕೊಂಡು ಹೋದ.

೨೩ ಮಾರ್ಚ್, ಬೆಳಿಗ್ಗೆ

ಕೆಲಸವಿಲ್ಲ. ತಡವಾಗಿ ಏಳುವುದು ಅಭ್ಯಾಸವಾಗಿದೆ. ಹಳೇ ಬಸ್ಸು ರಿಪೇರಿಯಾಗಿ ಇವತ್ತಿನಿಂದ ಓಡುತ್ತದಂತೆ, ಪಕ್ಕದ ಮನೆ ಬಂಗಾರಮ್ಮ ಹೇಳಿದರು. ಓಡಿಸುವುದು ಯಾರು ಎಂದು ಕೇಳುವ ಮುಖ ನನಗಿರಲಿಲ್ಲ.

ಗಲ್ಲಿಯ ತುದಿಯಲ್ಲಿ ಎರಡು ಹಾರ್ನ್.

ನನಗೆ ಹೋಗಲು ಎಲ್ಲೂ ಇಲ್ಲ ಎಂದು ಅವನಿಗೆ ಯಾರೂ ಹೇಳಿಲ್ಲವೇನೋ. ಅಥವಾ ಗೊತ್ತಿದ್ದೂ... ಬಸ್ಸು ಹೊರಟ ಸದ್ದಿಲ್ಲ. ಅಮ್ಮ ಬಾಗಿಲಿಗೆ ಹೋಗಿ ನೋಡಿ ಬಂದಳು.

"ನಿಂತೇ ಇದೆ ಕಣೆ. ಜನ ಎಲ್ಲಾ ಈ ಕಡೇನೇ ನೋಡ್ತಿದಾರೆ. ಹೋಗಿ ಒಂದು ಮಾತು ಹೇಳಿ ಬಾ."

ಏನೆಂದು ಹೇಳಲಿ. ಚಪ್ಪಲಿ ಎಲ್ಲಿ... ಬಂದು ಬರೆಯುತ್ತೇನೆ.