ಉಷ್ಟ್ರಪಕ್ಷಿ ನೋಡಲು ನಿಂತ ಸಾಲು

ಗಾಜಿಪುರ, ಕಲಬುರ್ಗಿ
೧೪ ಮಾರ್ಚ್ ೧೯೫೦, ಮಂಗಳವಾರ

ಪ್ರೀತಿಯ ಚಾಂದಬಿಗೆ ಸರಸ್ವತಿಯ ಸಲಾಮು.

ಮುಖ್ಯ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೈ ಹಿಂಜರಿದೀತು. ಬರುವ ಶನಿವಾರದೊಳಗೆ ನೀನು ನಮ್ಮ ಹೆಣ್ಣುಮಕ್ಕಳ ಮದರಸೆಗೆ ಬಂದು ನಿನ್ನ ನೌಕರಿಗೆ ಹಾಜರಾಗಬೇಕು. ನಿಜಾಮಶಾಹಿ ಹೋದಾಗಿನ ಪೊಲೀಸ್ ಕಾರ್ಯಾಚರಣೆಯ ಗಡಿಬಿಡಿಯಲ್ಲಿ ಊರು ಬಿಟ್ಟುಹೋದವರು ಅಷ್ಟರೊಳಗೆ ಬರದಿದ್ದರೆ ಅವರ ಜಾಗ ಬೇರೆಯವರಿಗೆ ಕಾಯಂ ಆಗುತ್ತದೆಂದು ಹುಕುಂ ಬಂದಿದೆ. ಬಂದು ತಿಂಗಳಾಯಿತು. ತಿಂಗಳಿಂದ ಯಾಕೆ ತಿಳಿಸಲಿಲ್ಲವೆಂದು ಕೇಳಬೇಡ. ಕೇಳಲೇಬೇಕೆಂದರೆ ಬಂದು ಕೇಳು. ಈ ಕಾಗದ ತರುವ ನಬಿಸಾಬ್ ನಿಮ್ಮ ಕಮಲಾಪುರದವನೇ, ಮೊದಲು ನಮ್ಮ ಓಣಿಗೆ ಬಾಳೆಹಣ್ಣು ತರುತ್ತಿದ್ದನಲ್ಲ, ಅವನು. ಹೊರಗೆ ಕಟ್ಟೆಯ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಾನೆ. ಅವನ ಮೋಟಾರು ನಾಲ್ಕು ಗಂಟೆಗೆ. ಆಗಲೇ ಎರಡು ಸಲ ಕೆಮ್ಮಿದ.

ಇವತ್ತು ಬೆಳಿಗ್ಗೆ ಹುಡುಗಿಯರನ್ನೆಲ್ಲ ಕರೆದುಕೊಂಡು ಆಫ್ರಿಕಾದ ಪ್ರಾಣಿಗಳನ್ನು ನೋಡಲು ಹೋಗಿದ್ದೆವು. ನಾನೂ ಈಗ ಮದರಸೆಗೆ ಹೋಗಿ ಬರುತ್ತೇನೆ; ಆ ಸುದ್ದಿ ಇರಲಿ. ಸ್ಟೇಶನ್ ಬಜಾರದ ಹಿಂದಿನ ಬಯಲಿನಲ್ಲಿ ಡೇರೆ ಹೊಡೆದಿದ್ದಾರೆ. ಮೊಂಬಾಸಾದಲ್ಲಿ ಇಪ್ಪತ್ತು ವರ್ಷ ಇದ್ದು ಬಂದ ಕಚ್ಛದ ಕಡೆಯ ಮುದುಕರೊಬ್ಬರು ಪ್ರಾಣಿಗಳನ್ನು ರೈಲಿನಲ್ಲಿ ಊರೂರಿಗೆ ಒಯ್ದು ಮಕ್ಕಳಿಗೆ ಪಾಠ ಹೇಳುತ್ತಾರೆ. ಸರ್ಕಸ್ಸಲ್ಲ, ಯಾವ ಪ್ರಾಣಿಯೂ ಸ್ಟೂಲು ಹತ್ತುವುದಿಲ್ಲ, ಸಲಾಮು ಹೊಡೆಯುವುದಿಲ್ಲ. ಅದು ಎಲ್ಲಿ ಹುಟ್ಟುತ್ತದೆ, ಏನು ತಿನ್ನುತ್ತದೆ, ಯಾರಿಗೆ ಅಂಜುತ್ತದೆ ಎಂದು ನಕಾಶೆಯ ಮೇಲೆ ಕೋಲಿಟ್ಟು ಹಿಂದುಸ್ತಾನಿಯಲ್ಲಿ ಹೇಳುತ್ತಾರೆ. ಅದನ್ನು ಮಕ್ಕಳಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮಿಬ್ಬರ ಮನೆಯ ನಡುಗೋಡೆಯಾಚೆ ಕೂತು ನನಗೆ ಉರ್ದು ಕಲಿಸಿ ಪರೀಕ್ಷೆ ಕಟ್ಟಿಸಿದವಳು ನೀನು. ಮುದುಕರ ಒಂದೊಂದು ಮಾತಿಗೂ ನಿನ್ನ ನೆನಪಾಗುತ್ತಿತ್ತು.

ಸಿಂಹ ನಮ್ಮ ಭಾವನವರ ಹಾಗೆ, ಉಂಡು ಕಾಲು ಚಾಚಿ ಮಲಗಿತ್ತು, ಏಳಲೇ ಇಲ್ಲ. ನಿನ್ನ ಕೈಯಲ್ಲಿ ಅಕ್ಷರ ಕಲಿತ ಶೇವಂತಾ ಪಟ್ಟೆಕುದುರೆಯ ಮುಂದೆ ನಿಂತು, ಇದಕ್ಕ ಟಾಂಗಾ ಕಟ್ಟಲಾಕ ಬರ್ತದೇನ್ರಿ ಎಂದು ಕೇಳಿದಳು. ಇದು ಯಾರ ಮಾತನ್ನೂ ಕೇಳುವ ಜಾತಿಯಲ್ಲ ಬೇಟಿ ಎಂದು ಮುದುಕರು ನಕ್ಕರು. ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. ಚಾಂದಬಿ ಬಾಯಿಯವರು ಇದರ ಚಿತ್ರ ತಗದು ತೋರ್ಸಿದ್ರು, ಅವರು ಯಾವಾಗ ಬರ್ತಾರ್ರಿ ಎಂದು ನನ್ನ ಸೆರಗು ಜಗ್ಗಿದಳು. ಮುಂದೆ ನಡಿ ಎಂದು ಗದರಿದೆ.

ಉಷ್ಟ್ರಪಕ್ಷಿಯ ಮುಂದೆ ಬಹಳ ದೊಡ್ಡ ಸಾಲು. ಹೆಂಗಸರದೇ ಬೇರೆ ಸಾಲು ಮಾಡಿದ್ದರು. ದರ್ಗಾ ಕಡೆಯ ಬುರ್ಖಾದವರು, ಬ್ರಹ್ಮಪುರದ ಹೆಣ್ಣುಮಕ್ಕಳು, ಕೂಲಿಯ ಮಾನಮ್ಮ, ಅವಳ ಸೊಸೆಯಂದಿರು, ಎಲ್ಲರೂ ಒಬ್ಬರಿಗೊಬ್ಬರು ಹೆಗಲು ತಾಗಿಸಿ ನಿಂತಿದ್ದರು. ಆ ಹಕ್ಕಿ ಬೇಲಿಯ ಮೇಲಿನಿಂದ ಕತ್ತು ನೀಡಿ ಒಬ್ಬ ಮುದುಕಿಯ ಬುರ್ಖಾದ ಗುಂಡಿ ಕಿತ್ತು ನುಂಗಿಬಿಟ್ಟಿತು. ಆಕೆ ಚೀರಿ ಮಾನಮ್ಮನನ್ನು ತಬ್ಬಿಕೊಂಡಳು. ನನ್ನ ಗುಂಡಿ ಕೊಡಸವಾ ಎಂದು ಆಕೆ, ಆ ಹಕ್ಕಿ ಹಿಂದ ಬುಟ್ಟಿ ಹಿಡಕೊಂಡು ಕುಂದರು, ನಾಳಿ ಸಿಗ್ತದ ಎಂದು ಮಾನಮ್ಮ. ಸಾಲಿಗೆ ಸಾಲೇ ಹೊಟ್ಟೆ ಹಿಡಿದು ನಕ್ಕಿತು. ನಾನೂ ನಕ್ಕೆ. ಆಗಲೇ ಯಾರೋ ಹಿಂದಿನಿಂದ, ಬಾಯಿಯವರ, ಎಂದು ಕರೆದರು.

ನಬಿಸಾಬ್. ನಾಯಿಮುಖದ ದೊಡ್ಡ ಕೋತಿಗೆಂದು ಡೇರೆಯವರು ಕಮಲಾಪುರಕ್ಕೆ ಲಾರಿ ಕಳಿಸಿ, ಕೆಂಪು ಬಾಳೆಹಣ್ಣಿನ ಜೊತೆ ಅವನನ್ನೂ ಹತ್ತಿಸಿಕೊಂಡು ಬಂದಿದ್ದರು. ಅವನು ಆ ಸಾಲನ್ನೇ ಪಿಳಿಪಿಳಿ ನೋಡುತ್ತಿದ್ದ. ಇಲ್ಲಿ ಎಲ್ಲಾ ಸುಮ್ಮ ಅದ ಅಲ್ರಿ ಎಂದ. ಊರಾಗ ಇನ್ನೂ ಜೀವಕ್ಕ ಖಾತ್ರಿ ಇಲ್ಲ ಅಂತ ನೀವು ಬರದ ಕಾಗದ ಚಾಂದಬಿ ನಮಗೆಲ್ಲಾ ಓದಿ ಹೇಳ್ಯಾಳ್ರಿ, ಒಂದ್ ವರ್ಷ ಆತು, ನಮ್ಮ ಓಣ್ಯಾಗಿನವರು ಯಾರೂ ಈ ಹಾದಿ ತುಳದಿಲ್ಲ ಎಂದ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಚಾಂದಬಿ, ನಾನು ನಿನಗೆ ಬರೆದದ್ದು ಮೂರು ಕಾಗದ. ಮೊದಲನೆಯದು ನಿಜ. ಆಗ ನೀನು ಬರುವ ಹಾಗಿರಲಿಲ್ಲ, ನಿನ್ನ ಅಮ್ಮನನ್ನು ಕರೆದುಕೊಂಡು ಹೋದದ್ದೇ ಪುಣ್ಯ. ಆದರೆ ಹೋದ ಬೇಸಿಗೆಯಲ್ಲಿ, ಮತ್ತೆ ದಸರೆಗೆ, ಬರಲೇನು ಎಂದು ನೀನು ಕೇಳಿದಾಗ ಇಲ್ಲಿ ಎಲ್ಲ ತಣ್ಣಗಾಗಿತ್ತು. ಆದರೂ ಬರಬೇಡ ಎಂದು ಬರೆದೆ. ನಿನ್ನ ಮೇಲಿನ ಕಾಳಜಿ ಎಂದು ತಿಳಿ. ನಾನು ಮೊದಲಿನಿಂದಲೂ ಪುಕ್ಕಲು, ನಿನಗೆ ಗೊತ್ತೇ ಇದೆ. ನಿನಗೇನಾದರೂ ಆದರೆ ಎಂಬ ಅಂಜಿಕೆಯಲ್ಲಿ ಹೆಚ್ಚುಕಡಿಮೆ ಬರೆದೆ. ನಿನ್ನ ಓಣಿಗೇ ದಿಗಿಲು ಹುಟ್ಟಿಸಿದೆನೆಂದು ಇವತ್ತೇ ತಿಳಿದದ್ದು.

ಶುಕ್ರವಾರದ ಮೋಟಾರಿಗೆ ಬಾ. ಅಮ್ಮನನ್ನೂ ಕರೆದುಕೊಂಡು ಬಾ. ನಬಿಸಾಬ್ ಎದ್ದು ನಿಂತಿದ್ದಾನೆ. ಸಾಕು.

ನಿನ್ನ ನೆರೆಯವಳು,
ಸರಸ್ವತೀಬಾಯಿ

ತಾ. ಕ.: ಕಾಗದ ಕೈಗಿಟ್ಟರೆ ನಬಿಸಾಬ್, ಏನ್ ಬರದೀರಿ ಓದಿ ಹೇಳ್ರಿ, ಓಣ್ಯಾಗ ಕೇಳ್ತಾರ, ಎಂದ. ಓದಿದೆ. ಎಲ್ಲ ಕೇಳಿ ಒಂದೇ ಮಾತು ಕೇಳಿದ: ಮತ್ತ ಆಕಿ ಜಾಗಾದಾಗ ಈಗ ಯಾರ ಅದಾರ್ರಿ? ಕಾಗದ ಇಸಿದುಕೊಂಡು ಒಳಗೆ ಬಂದಿದ್ದೇನೆ. ನಾಲ್ಕರ ಮೋಟಾರು ತಪ್ಪಿತು, ಆರರದಕ್ಕೆ ಹೋಗುತ್ತೇನೆ ಎಂದಿದ್ದಾನೆ. ಮೇಲೆ ಬರೆದ ಕಾಳಜಿಯ ಮಾತು ಸುಳ್ಳು. ನಿನಗೆ ಬರುವ ಮನಸ್ಸಿಲ್ಲವೆಂದು ಮದರಸೆ ನಡೆಸುವ ದೊಡ್ಡ ಬಾಯಿಯವರು ನೀಲಗಂಗಮ್ಮನವರಿಗೆ ಹೇಳಿದವಳೂ ನಾನೇ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಭಾವನವರ ಅಡುಗೆಮನೆ ಬಿಟ್ಟು ನಾನು ಹೊಸ್ತಿಲು ದಾಟಿದ್ದು ಈ ನೌಕರಿಯಿಂದಲೇ. ಇದು ಹೋದರೆ ಮತ್ತೆ ಅದೇ ಒಲೆ. ಅದಕ್ಕೆ ನಿನಗೆ ಅಂಜಿಕೆ ಹಾಕಿದೆ. ನಬಿಸಾಬನಿಗೆ ಕೊಡದ ಉತ್ತರವನ್ನು ನಿನಗೆ ಹೇಳುತ್ತೇನೆ. ನಿನ್ನ ಜಾಗದಲ್ಲಿ ನಾನೇ ಕೂತಿದ್ದೇನೆ. ನಾನಾಗಿ ಏಳುವ ಧೈರ್ಯ ನನಗಿಲ್ಲ ಚಾಂದಬಿ, ಶನಿವಾರ ಬಂದು ಎಬ್ಬಿಸು.