ಅಜ್ಜ ನೆಟ್ಟ ಮೀನುಬೇಲಿ

ಖರ್ಕೆನಾ ದ್ವೀಪ,
ಸೋಮವಾರ

ಟ್ರಾಲರಿನ ಮಾಲೀಕರಾದ ರಿದಾ ಸಾಹೇಬರಿಗೆ,

ಮೀನುಗಾರ ಖಮೈಸ್ ಬರೆಯುತ್ತಿದ್ದೇನೆ. ಸತ್ತಿಲ್ಲ.

ಶುಕ್ರವಾರ ನಿಮ್ಮ ಟ್ರಾಲರು ಮೀನು ಹಿಡಿಯಲು ಕಡಲೊಳಗೆ ಕಟ್ಟಿದ ನನ್ನ ಮೀನುಬೇಲಿಯನ್ನು ಮುರಿಯುವಾಗ ದೋಣಿ ಅಡ್ಡ ನಿಲ್ಲಿಸಿದೆ. ನಿಮ್ಮ ಕಪ್ತಾನ ನನ್ನ ಮೋಟಾರು, ಹುಟ್ಟು, ಲಂಗರು ಎಲ್ಲ ಕಿತ್ತುಕೊಂಡು, “ನಡ್ಕೊಂಡ್ ಹೋಗೋ ಮುದುಕ” ಎಂದು ನಕ್ಕು ಹೊರಟುಹೋದ. ದಡ ಕಾಣುತ್ತಿರಲಿಲ್ಲ. ಗಾಳಿ ದೋಣಿಯನ್ನು ಆಳದ ಕಡೆಗೆ ತಳ್ಳುತ್ತಿತ್ತು.

ದೋಣಿ ಬಿಟ್ಟು ನೀರಿಗಿಳಿದು ನಡೆದೇ ಬಂದೆ. ನಮ್ಮ ಕಡಲು ಬಹುಪಾಲು ಎದೆಮಟ್ಟ. ನಡುನಡುವೆ ಕಾಲು ನಿಲುಕದ ಗುಂಡಿಗಳಿವೆ. ನಮ್ಮಜ್ಜ ಖರ್ಜೂರದ ಗರಿ ನೆಟ್ಟು ಬೇಲಿ ಕಟ್ಟಿದ್ದು ಅವುಗಳನ್ನು ತಪ್ಪಿಸಿಯೇ. ಅದನ್ನು ಹಿಡಿದುಕೊಂಡು ಐದು ಗಂಟೆ ನಡೆದೆ. ನಿಮ್ಮವರು ಮುರಿದ ಕಡೆ ಮಾತ್ರ ಎರಡು ಸಲ ಮುಳುಗಿ ಎದ್ದೆ.

ಬೇಲಿಯ ಗುರುತಿಲ್ಲದ ಅದೇ ಜಾಗದಲ್ಲಿ ನಿನ್ನೆ ನಿಮ್ಮ ಟ್ರಾಲರು ದಾರಿ ತಿಳಿಯದೆ ಗುಂಡಿಯ ಪಕ್ಕದ ಮರಳದಿಬ್ಬ ಹತ್ತಿ ಕೂತಿದೆ. ತಮ್ಮನ ದೋಣಿಯಲ್ಲಿ ಹೋಗಿ ರೊಟ್ಟಿ, ನೀರು ಕೊಟ್ಟೆ. “ದೊಡ್ಡಪ್ಪಾ, ಕೈ ಬಿಡ್ಬೇಡ” ಎಂದು ಕಪ್ತಾನ ಅಳುತ್ತಿದ್ದ. ದೋಣಿಗೆ ಹತ್ತಿಸಿಕೊಳ್ಳಲಿಲ್ಲ. “ಎದೆಮಟ್ಟ ನೀರು, ನಡ್ಕೊಂಡ್ ಬಾರಪ್ಪ” ಎಂದೆ. ನಂಬಲಿಲ್ಲ.

ಅವನನ್ನು ಬಿಡಿಸಲು ನೀವು ಬರುವಾಗ ಮುನ್ನೂರು ಗರಿ ತನ್ನಿ. ಮುರಿದಲ್ಲಿ ನೀವೇ ನೆಡಿ. ಆಮೇಲೆ ನಿಮ್ಮ ಕಪ್ತಾನ ಆ ಬೇಲಿ ಹಿಡಿದುಕೊಂಡು ನಡೆದು ಬರಲಿ.

ಇಂತಿ,
ಬೇಲಿಯ ಒಡೆಯ
ಖಮೈಸ್