ಸೆಕ್ರೆಟರಿ ಎರಡು ಸಲ ನೋಡಿದ ಸಿನಿಮಾ

ಮಾರ್ಚ್ 3, ಸೋಮವಾರ
ಹದಿನಾಲ್ಕನೇ ಮಷೀನಿನ ಬೆಲ್ಟ್ ಮತ್ತೆ ಹರಿಯಿತು. ಯೂನಿಫಾರ್ಮ್ ಆರ್ಡರ್ ಅರ್ಧಕ್ಕೇ ನಿಂತಿದೆ. ಊಟದ ಹೊತ್ತಿಗೆ ತಂಗಿ ಕತ್ತರಿ ಕೆಳಗಿಟ್ಟು ಬಂದು ಅರ್ಜಿ ಕೊಟ್ಟಳು — ಹೊಲಿಗೆ ಸಹಕಾರ ಸಂಘ ಬಿಡುತ್ತಾಳಂತೆ. ಸ್ವಂತ ಅಂಗಡಿ ತೆರೆಯುತ್ತಾಳಂತೆ. ತಾನು ರೂಪಿಸಿದ ಕೋಟಿನ ಪ್ಯಾಟರ್ನುಗಳೂ ಬೇಕಂತೆ.
“ಮನೇಲಿ ಹೇಳಬಹುದಿತ್ತಲ್ಲ?” ಎಂದೆ.
“ಮನೇಲಿ ನೀನು ಅಣ್ಣ. ಅರ್ಜಿ ಸೆಕ್ರೆಟರಿಗೆ.”
ಭಾನುವಾರ ಸಭೆ.

ಮಾರ್ಚ್ 5, ಬುಧವಾರ, ರಾತ್ರಿ 8.30
ಥಿಯೇಟರಿನಲ್ಲಿ ಹಳೆಯ ಸಿನಿಮಾಗಳ ವಾರ. ಆರರ ಆಟಕ್ಕೆ ಹೋದೆ. ಕಪ್ಪು-ಬಿಳುಪು. ಗಡಿಯಾರ ಮಾಡುವವನೊಬ್ಬ... ಎಲ್ಲರೂ ಒಂದೇ ನಮೂನೆ ಮಾಡಿ ಎನ್ನುತ್ತದೆ ಊರ ಕಮಿಟಿ. ಇವನು ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಕೊನೆಗೆ ಕೋರ್ಟಿನಲ್ಲಿ ನಿಂತು ಹೇಳುತ್ತಾನೆ — ಕೈ ನನ್ನದು, ಕಸುಬು ನನ್ನದು, ಸೋತರೆ ಸೋಲೂ ನನ್ನದು.
ಶುದ್ಧ ಬಂಡವಾಳಶಾಹಿ ಪ್ರಚಾರ. ಕಮಿಟಿಯವರನ್ನೆಲ್ಲ ಕತ್ತೆಗಳ ಹಾಗೆ ತೋರಿಸಿದ್ದಾರೆ. ಅದರಲ್ಲೂ ಸೆಕ್ರೆಟರಿಯನ್ನು.
ಎರಡು ತಾಸು ಹೋದದ್ದೇ ತಿಳಿಯಲಿಲ್ಲ.

ಮಾರ್ಚ್ 6
ಮತ್ತೆ ಹೋದೆ. ಕೋರ್ಟ್ ದೃಶ್ಯಕ್ಕೆ ಮೈ ಜುಮ್ಮೆಂದಿತು. ಚಪ್ಪಾಳೆ ಹೊಡೆದುಬಿಟ್ಟೆ. ಒಟ್ಟು ಹನ್ನೊಂದು ಜನ ಇದ್ದೆವು. ಹೆಂಡತಿಗೆ ಮೀಟಿಂಗ್ ಇತ್ತು ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಸಂಘದ ಹೆಸರಲ್ಲಿ ಹೇಳಿದ ಮೊದಲ ಸುಳ್ಳು. ಮೊದಲನೆಯದು ಎನ್ನೋಣ.

ಮಾರ್ಚ್ 8, ಶನಿವಾರ
ತಂಗಿಗೆ ಬುದ್ಧಿ ಹೇಳಲು ಹೋದೆ.
“ನಿನ್ನ ಕೈಗೆ ಕತ್ತರಿ ಕೊಟ್ಟಿದ್ದೇ ಸಂಘ.”
“ಇಲ್ಲ ಅಂದ್ನಾ? ಅದಕ್ಕೇ ಹದಿನಾರು ವರ್ಷ ದುಡಿದೆ. ಇನ್ನು ನಾನು ಕತ್ತರಿಸಿದ ಕೋಟಿಗೆ ನನ್ನ ಹೆಸರಿರಲಿ.”
“ಸೋತ್ರೆ?”
“ಸೋಲೂ ನಂದೇ. ಗುರುವಾರ ನಿನ್ನ ಹಿಂದಿನ ಸಾಲಲ್ಲೇ ಕೂತಿದ್ದೆ ಅಣ್ಣ. ಚಪ್ಪಾಳೆ ಹೊಡೆದೋನು ನೀನೊಬ್ಬನೇ.”
ಟೀ ಕುಡಿದು ಎದ್ದು ಬಂದೆ.

ಮಾರ್ಚ್ 9, ಭಾನುವಾರ
ಸಭೆ. ಪ್ಯಾಟರ್ನ್ ಕೊಡಕೂಡದು ಎಂದು ಇಸ್ತ್ರಿ ವಿಭಾಗದ ಹಿರಿಯ ಪಟ್ಟು ಹಿಡಿದ. “ಇವತ್ತು ಇವಳು, ನಾಳೆ ಇನ್ನೊಬ್ಬಳು. ಹಗ್ಗದ ಒಂದೊಂದೇ ಎಳೆ ಬಿಚ್ಕೊಂಡು ಹೋದ್ರೆ ಉಳಿಯೋದೇನು?” ತಪ್ಪಲ್ಲ ಅವನ ಮಾತು. ಮತ ಆರು–ಆರು. ನನ್ನದು ಬಾಕಿ.
ಕೊಡೋಣ ಎಂದೆ.
ಹಿರಿಯ ನನ್ನ ಮುಖ ನೋಡದೆ ಎದ್ದು ಹೋದ. ತಂಗಿ ಎಂದು ಕೊಟ್ಟೆ ಎಂದುಕೊಂಡಿದ್ದಾನೆ. ಸಿನಿಮಾ ನೋಡಿ ಕೊಟ್ಟೆ ಎಂದು ಯಾವ ಬಾಯಿಂದ ಹೇಳಲಿ?

ಏಪ್ರಿಲ್ 21, ಬೆಳಿಗ್ಗೆ 11
ತಂಗಿಯ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಕೋಟಿನ ಒಳಗೆ ಅವಳ ಹೆಸರು, ಕೆಂಪು ದಾರದಲ್ಲಿ. ನೋಡಿ ಸಂತೋಷವಾಗಿತ್ತು.
ಇವತ್ತು ಕಾಲರ್ ಹೊಲಿಯುವವಳು ರಾಜೀನಾಮೆ ಕೊಟ್ಟಳು. ಎಲ್ಲಿಗೆ ಎಂದೆ.
“ನಿಮ್ಮ ತಂಗಿ ಅಂಗಡಿಗೇ ಸಾರ್. ಅವರೇ ಕರೆದ್ರು.”
ಸಿನಿಮಾದಲ್ಲಿ ಈ ಭಾಗ ಇರಲಿಲ್ಲ.
ಗುಂಡಿಗೆ ಕಾಜ ಹಾಕುವವಳು ಈಗ ಬಾಗಿಲಲ್ಲಿ ನಿಂತಿದ್ದಾಳೆ. ಕೈಯಲ್ಲಿ ಮಡಿಸಿದ ಕಾಗದ. ಒಳಗೆ ಬಾ ಎಂದಿದ್ದೇನೆ. ಇವಳನ್ನಾದರೂ—